ರಾತ್ರಿಗೊಂದು ಅಧ್ಯಾಯ

ಎಪ್ಪತ್ತರ ಪ್ರಾಯದ ಇಬ್ಬರ ಪ್ರೀತಿ ಹೇಳುವ ಅಮೆರಿಕದ ಕಾದಂಬರಿ, ಗಡಿನಾಡಿನ ಎರಡು ಒಂಟಿ ಮನೆಗಳ ನಡುವೆ ಫೋನಿನಲ್ಲಿ ಕನ್ನಡವಾದ ಕತೆ

ಕುಂಬಳೆ: ರಾತ್ರಿ ಎಂಟೂವರೆ. ಊಟವಾಗಿ, ಅಡುಗೆಕೋಣೆಯ ದೀಪ ಆರಿಸಿ, ಹಿಂದಿನ ಬಾಗಿಲಿಗೆ ಅಗಳಿ ಹಾಕಿ ಆಗಿದೆ. ಚಾವಡಿಯ ಕುರ್ಚಿಯಲ್ಲಿ ಕುಳಿತವರು ನಿವೃತ್ತ ಹೈಸ್ಕೂಲ್ ಟೀಚರ್. ಪ್ರಾಯ 68. ಮಡಿಲಲ್ಲಿ ಒಂದು ತೆಳು ಇಂಗ್ಲಿಷ್ ಪುಸ್ತಕ, ಕಿವಿಯಲ್ಲಿ ಫೋನು.

"ಮಾಷ್ಟ್ರೇ, ನಿನ್ನೆ ಎಲ್ಲಿಗೆ ನಿಲ್ಲಿಸಿದ್ದು?"

"ಅವ ಹಿತ್ತಿಲ ಬಾಗಿಲಿನಿಂದ ಬಂದದ್ದು, ಅವಳು ನಾಳೆಯಿಂದ ಎದುರಿನ ಬಾಗಿಲಲ್ಲೇ ಬನ್ನಿ ಅಂದದ್ದು. ಅಲ್ಲಿಗೆ ನಿಲ್ಲಿಸಿದ್ದೀರಿ ಟೀಚರ್. ಮುಂದೆ ಹೇಳಿ."

ಆ ಕಡೆಯಲ್ಲಿರುವವರು ಬದಿಯಡ್ಕ ಸಮೀಪದ ನಿವೃತ್ತ ಕನ್ನಡ ಪಂಡಿತರು. ಪ್ರಾಯ 73. ಇಬ್ಬರೂ ಒಂದೇ ಶಾಲೆಯಲ್ಲಿ ಹನ್ನೊಂದು ವರ್ಷ ಕಲಿಸಿದವರು. ಟೀಚರ ಯಜಮಾನರು ತೀರಿಕೊಂಡು ಒಂಬತ್ತು ವರ್ಷ, ಮಾಷ್ಟ್ರ ಹೆಂಡತಿ ತೀರಿಕೊಂಡು ಆರು ವರ್ಷ. ಟೀಚರ ಮಗ ಬೆಂಗಳೂರಲ್ಲಿ. ಮಾಷ್ಟ್ರ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಪುಣೆಯಲ್ಲಿ, ಇನ್ನೊಬ್ಬಳು ಗಲ್ಫ್‌ನಲ್ಲಿ.

ಹೆಸರು ಹಾಕುವುದು ಬೇಡ ಎಂಬುದು ಇಬ್ಬರದೂ ಒಂದೇ ಮಾತು. "ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ಮಕ್ಕಳಿಗೆ ನಾಲ್ಕು ಜನರೆದುರು ಮುಜುಗರ ಆಗ್ಬಾರದು" ಎನ್ನುತ್ತಾರೆ ಟೀಚರ್.

ಸೊಸೆ ಬಿಟ್ಟುಹೋದ ಪುಸ್ತಕ

ಪುಸ್ತಕ ಬಂದದ್ದು ಸೊಸೆಯಿಂದ. ರಜೆಗೆ ಬಂದಾಗ ಓದುತ್ತಿದ್ದಳು, ಹೋಗುವಾಗ ಮರೆತು ಬಿಟ್ಟುಹೋದಳು. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟು ಹೋಗಿ ಟಿವಿ ನಿಂತಾಗ ಟೀಚರ್ ಅದನ್ನು ಬಿಡಿಸಿದರು. ಕನ್ನಡ ಮಾಧ್ಯಮದಲ್ಲಿ ಕಲಿತು ಕನ್ನಡ ಮಾಧ್ಯಮದಲ್ಲೇ ಕಲಿಸಿದವರಿಗೆ ಇಂಗ್ಲಿಷ್ ಕಾದಂಬರಿ ಎಂದರೆ ಸ್ವಲ್ಪ ಹೆದರಿಕೆ. ಆದರೆ ಇದಕ್ಕೆ ಡಿಕ್ಷನರಿ ಬೇಕಾಗಲಿಲ್ಲ. ವಾಕ್ಯಗಳು ಅಷ್ಟು ಸಣ್ಣವು, ಮಾತುಗಳು ಅಷ್ಟು ಸಾದಾ.

ಪುಸ್ತಕದ ಹೆಸರು 'ಅವರ್ ಸೋಲ್ಸ್ ಅಟ್ ನೈಟ್'. ಬರೆದವರು ಅಮೆರಿಕದ ಕೊಲೊರಾಡೊ ರಾಜ್ಯದ ಕೆಂಟ್ ಹಾರುಫ್. ಪ್ರಕಟವಾದದ್ದು 2015ರಲ್ಲಿ. ಇನ್ನೂರು ಪುಟವೂ ಇಲ್ಲ.

ಆ ದಿನ ರಾತ್ರಿ ಮಾಷ್ಟ್ರಿಗೆ ಫೋನು ಮಾಡಿದ್ದು ಬೇರೆ ವಿಷಯಕ್ಕೆ, ಪಿಂಚಣಿಯ ಯಾವುದೋ ಕಾಗದಕ್ಕೆ. ಮಾತಿನ ನಡುವೆ ಕತೆಯ ಸುದ್ದಿ ಬಂತು. ಮಾಷ್ಟ್ರಿಗೆ ಒಂದು ಕಣ್ಣಿನ ಪೊರೆ ತೆಗೆದಾಗಿತ್ತು, ಇನ್ನೊಂದು ಬಾಕಿ ಇತ್ತು. ಓದಲಿಕ್ಕೆ ಆಗುತ್ತಿರಲಿಲ್ಲ. "ಸ್ವಲ್ಪ ಸ್ವಲ್ಪ ಹೇಳಿ ಟೀಚರ್, ಕೇಳ್ತೇನೆ" ಎಂದರು. ಹಾಗೆ ಶುರುವಾದದ್ದು. ರಾತ್ರಿಗೊಂದು ಅಧ್ಯಾಯ. ಟೀಚರ್ ಹಗಲಿನಲ್ಲಿ ಇಂಗ್ಲಿಷಿನಲ್ಲಿ ಓದಿಕೊಂಡು ರಾತ್ರಿ ಕನ್ನಡದಲ್ಲಿ ಹೇಳುವುದು. ಕ್ಲಾಸಿಗೆ ನೋಟ್ಸ್ ಮಾಡಿಕೊಂಡು ಹೋಗುತ್ತಿದ್ದ ಹಾಗೆ.

ಕತೆಯಾದರೂ ಎಂಥದು?

ಹೋಲ್ಟ್ ಎಂಬುದು ಹಾರುಫ್ ತನ್ನ ಕಾದಂಬರಿಗಳಿಗಾಗಿ ಕಟ್ಟಿಕೊಂಡ ಊರು. ಕೊಲೊರಾಡೊದ ಪೂರ್ವ ಬಯಲಿನ ಸಣ್ಣ ಪೇಟೆ. ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಆರಿತು ಎಂಬುದು ಎಲ್ಲರಿಗೂ ಗೊತ್ತಿರುವಂಥದು. ಅಲ್ಲಿ ಆ್ಯಡಿ ಮೂರ್ ಎಂಬ ಎಪ್ಪತ್ತರ ವಿಧವೆ. ಅದೇ ಬೀದಿಯಲ್ಲಿ ಲೂಯಿಸ್ ವಾಟರ್ಸ್ ಎಂಬ ನಿವೃತ್ತ ಮಾಸ್ತರ, ಅವನೂ ಹೆಂಡತಿಯನ್ನು ಕಳಕೊಂಡವನು. ವರ್ಷಗಟ್ಟಲೆ ನೆರೆಕರೆಯವರು, ಆದರೆ ಹೆಚ್ಚು ಬಳಕೆ ಇಲ್ಲ.

ಒಂದು ಸಂಜೆ ಆ್ಯಡಿ ಲೂಯಿಸನ ಮನೆಗೆ ಹೋಗಿ ಒಂದು ಮಾತು ಕೇಳುತ್ತಾಳೆ. ಆಗಾಗ ರಾತ್ರಿ ತನ್ನ ಮನೆಗೆ ಬಂದು ಪಕ್ಕದಲ್ಲಿ ಮಲಗಲು ಆದೀತೇ ಎಂದು. ದೇಹದ ಮಾತಲ್ಲ ಎಂದು ಅವಳೇ ಬಿಡಿಸಿ ಹೇಳುತ್ತಾಳೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಕಳೆಯುವುದಿಲ್ಲ. ಕತ್ತಲೆಯಲ್ಲಿ ಮಾತಾಡಲು ಒಬ್ಬರು ಬೇಕು. ಅಷ್ಟೇ.

ಲೂಯಿಸ್ ಯೋಚನೆ ಮಾಡಿ ಒಪ್ಪುತ್ತಾನೆ. ಕ್ಷೌರ ಮಾಡಿಸಿಕೊಂಡು, ಉಗುರು ಕತ್ತರಿಸಿಕೊಂಡು, ರಾತ್ರಿ ಹಾಕುವ ಬಟ್ಟೆಯನ್ನೂ ಹಲ್ಲುಜ್ಜುವ ಬ್ರಶ್ಶನ್ನೂ ಕಾಗದದ ಚೀಲದಲ್ಲಿ ಹಾಕಿಕೊಂಡು ಹೊರಡುತ್ತಾನೆ. ಜನ ನೋಡದಿರಲಿ ಎಂದು ಹಿಂದಿನ ಓಣಿಯಿಂದ ಹೋಗುತ್ತಾನೆ. ಜನ ಏನೆಂದಾರು ಎಂದು ಹೆದರಿದ್ದು ಸಾಕಾಗಿದೆ, ಎದುರಿನ ಬಾಗಿಲಲ್ಲೇ ಬರಬೇಕು ಎಂಬುದು ಆ್ಯಡಿಯ ಹಟ.

ಆಮೇಲಿನದು ಮಾತು, ಮಾತು, ಮಾತು. ಒಂದೊಂದು ರಾತ್ರಿ ಒಂದೊಂದು ಹಳೆಯ ಗಾಯ ಹೊರಗೆ ಬರುತ್ತದೆ. ಕಾರು ಬಡಿದು ಹೋದ ಆ್ಯಡಿಯ ಮಗಳು. ಇನ್ನೊಬ್ಬಳಿಗಾಗಿ ಸ್ವಲ್ಪ ದಿನ ಹೆಂಡತಿ ಮಗಳನ್ನು ಬಿಟ್ಟುಹೋಗಿದ್ದ ಲೂಯಿಸನ ಹಳೆಯ ತಪ್ಪು. ಹೇಳುವವರಿಗೆ ಅವಸರವಿಲ್ಲ, ಕೇಳುವವರಿಗೂ ಇಲ್ಲ. ಕೈ ಹಿಡಿಯುವುದಕ್ಕೂ ಕತೆ ಅಷ್ಟೇ ನಿಧಾನ. ಮಗನ ಸಂಸಾರ ಒಡೆದಾಗ ಆರು ವರ್ಷದ ಮೊಮ್ಮಗ ಜೇಮಿ ಬೇಸಗೆಗೆಂದು ಅಜ್ಜಿಯ ಮನೆಗೆ ಬರುತ್ತಾನೆ. ರಾತ್ರಿ ಹೆದರಿ ಅಳುವ ಹುಡುಗನಿಗೆ ಇಬ್ಬರೂ ಸೇರಿ ಒಂದು ನಾಯಿ ತರುತ್ತಾರೆ. ಮುದುಕ, ಮುದುಕಿ, ಮಗು, ನಾಯಿ. ಒಂದು ಮನೆಯಾಗುತ್ತದೆ.

"ಇಲ್ಲಿಯವರೆಗೆ ಹೇಳುವಾಗ ಖುಷಿಯಾಗ್ತಿತ್ತು. ಆಮೇಲೆ ಎರಡು ದಿನ ನಾನು ಫೋನೇ ಮಾಡಲಿಲ್ಲ. ಮುಂದಿನದು ಓದಿಯಾಗಿತ್ತು, ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ" ಎನ್ನುತ್ತಾರೆ ಟೀಚರ್.

ಮುಂದಿನದು ಮಗ ಜೀನ್‌ನ ಅಧ್ಯಾಯ. ಅಮ್ಮನ ಈ ನಂಟು ಅವನಿಗೆ ನಾಚಿಕೆಗೇಡು ಅನಿಸುತ್ತದೆ. ಲೂಯಿಸನ ಕಣ್ಣು ಅಮ್ಮನ ಹಣದ ಮೇಲೆ ಎಂಬ ಸಂಶಯ ಬೇರೆ. ಆ್ಯಡಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಅವಳನ್ನು ಊರು ಬಿಡಿಸಿ ತನ್ನ ಹತ್ತಿರ ಇರಿಸಿಕೊಳ್ಳುತ್ತಾನೆ. ಲೂಯಿಸನ ಸಂಬಂಧ ಬಿಡದಿದ್ದರೆ ಮೊಮ್ಮಗನ ಮುಖ ತೋರಿಸುವುದಿಲ್ಲ ಎಂಬಲ್ಲಿಗೆ ಬರುತ್ತದೆ. ಆ್ಯಡಿ ಮೊಮ್ಮಗನನ್ನು ಆರಿಸಿಕೊಳ್ಳುತ್ತಾಳೆ. ಕೊನೆಗೆ ಉಳಿಯುವುದು ಒಂದು ಫೋನು. ಮಗನಿಗೆ ಗೊತ್ತಾಗದ ಹಾಗೆ, ರಾತ್ರಿ, ಕತ್ತಲೆಯಲ್ಲಿ, ದಿನದ ಸಣ್ಣಪುಟ್ಟ ಮಾತು.

ಆ ಕೊನೆಯ ಅಧ್ಯಾಯ ಹೇಳಿದ ರಾತ್ರಿ ಬದಿಯಡ್ಕದ ಕಡೆಯಿಂದ ತುಂಬ ಹೊತ್ತು ಮಾತೇ ಬರಲಿಲ್ಲವಂತೆ. ಲೈನು ಹೋಯಿತೆಂದು ಟೀಚರ್ ಎರಡು ಸಲ 'ಹಲೋ' ಅಂದರು.

ದಿನಕ್ಕೊಂದು ಅಧ್ಯಾಯ ಬರೆದವರು

ಹಾರುಫ್ ಈ ಪುಸ್ತಕ ಬರೆದದ್ದು ಸಾಯುವ ವರ್ಷ. ಹುಟ್ಟಿದ್ದು 1943ರಲ್ಲಿ. ಶ್ವಾಸಕೋಶದ ಕಾಯಿಲೆ ಬಂದು ಇನ್ನು ಹೆಚ್ಚು ದಿನ ಇಲ್ಲ ಎಂದು ಗೊತ್ತಾದ ಮೇಲೆ, ದಿನಕ್ಕೊಂದು ಅಧ್ಯಾಯದಂತೆ ಬರೆದು ಮುಗಿಸಿದರು. ತಾನೂ ಹೆಂಡತಿಯೂ ರಾತ್ರಿ ಮಲಗಿದಲ್ಲೇ ಆಡುತ್ತಿದ್ದ ಮಾತುಕತೆಯೇ ಪುಸ್ತಕಕ್ಕೆ ಬೀಜ. 2014ರ ನವೆಂಬರ್ 30ರಂದು, 71ನೇ ಪ್ರಾಯದಲ್ಲಿ ತೀರಿಕೊಂಡರು. ಅಚ್ಚಾದ ಪುಸ್ತಕವನ್ನು ಅವರು ನೋಡಲಿಲ್ಲ.

ಅವರ ಬರೆಯುವ ಕ್ರಮವೂ ಒಂದು ವಿಚಿತ್ರ. ಮೊದಲ ಕರಡು ಬರೆಯುವಾಗ ಉಣ್ಣೆಯ ಟೊಪ್ಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು, ಹಳೆಯ ಟೈಪ್‌ರೈಟರಿನಲ್ಲಿ ಕುರುಡರಂತೆ ಟೈಪ್ ಮಾಡುತ್ತಿದ್ದರು. ಕಾಗದ ಕಂಡರೆ ತಿದ್ದುವ ಚಟ ಹುಟ್ಟುತ್ತದೆ, ಕಾಣದಿದ್ದರೆ ಕತೆ ಕಾಣುತ್ತದೆ ಎಂಬ ಲೆಕ್ಕ. ಪುಸ್ತಕದಲ್ಲಿ ಮಾತುಗಳಿಗೆ ಉದ್ಧರಣ ಚಿಹ್ನೆಯೂ ಇಲ್ಲ. ಯಾರು ಹೇಳಿದ್ದು ಎಂದು ದನಿಯಿಂದಲೇ ತಿಳಿಯಬೇಕು. ಫೋನಿನಲ್ಲಿ ಕೇಳುವವರಿಗೆ ಅದು ಕಷ್ಟವಾಗಲಿಲ್ಲ. ಟೀಚರ್ ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಹುಡುಗರನ್ನು ತಯಾರು ಮಾಡಿದವರು, ಎರಡು ದನಿಯಲ್ಲಿ ಹೇಳುತ್ತಿದ್ದರು.

ಈ ಕತೆ 2017ರಲ್ಲಿ ಸಿನಿಮಾ ಆಯಿತು. ನಿರ್ದೇಶಕರು ಮುಂಬೈಯ ರಿತೇಶ್ ಬಾತ್ರಾ. ತಪ್ಪಿ ಬೇರೆಯವರ ಕೈಸೇರಿದ ಊಟದ ಬುತ್ತಿಯಿಂದ ಚೀಟಿಯ ಸ್ನೇಹ ಬೆಳೆಯುವ 'ದಿ ಲಂಚ್‌ಬಾಕ್ಸ್' (2013) ಮಾಡಿದವರು ಅವರೇ. ಆ್ಯಡಿಯಾಗಿ ಜೇನ್ ಫೊಂಡಾ, ಲೂಯಿಸನಾಗಿ ರಾಬರ್ಟ್ ರೆಡ್‌ಫರ್ಡ್. ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಸಿನಿಮಾ ತೋರಿಸಿದಾಗ ಇಬ್ಬರಿಗೂ ಜೀವಮಾನದ ಸಾಧನೆಗೆ ಚಿನ್ನದ ಸಿಂಹ ಪ್ರಶಸ್ತಿ ಕೊಟ್ಟರು. 1967ರ ಒಂದು ಸಿನಿಮಾದಲ್ಲಿ ಇದೇ ಇಬ್ಬರು ಹೊಸದಾಗಿ ಮದುವೆಯಾದ ಜೋಡಿಯಾಗಿದ್ದರು. ರೆಡ್‌ಫರ್ಡ್ 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಆಗ ಅಪ್ಪ ಅಮ್ಮ, ಈಗ ಮಕ್ಕಳು

ಇಪ್ಪತ್ತರ ಪ್ರಾಯದ ಪ್ರೇಮಕತೆಗೆ ಅಡ್ಡ ಬರುವವರು ಅಪ್ಪ ಅಮ್ಮ. ಎಪ್ಪತ್ತರ ಪ್ರೇಮಕತೆಗೆ ಅಡ್ಡ ಬರುವವರು ಮಗ ಮಗಳು. ಮಾಷ್ಟ್ರು ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಹಿಡಿದರಂತೆ. ಅಪ್ಪ ಅಮ್ಮನನ್ನು ಬಿಟ್ಟು ಓಡಿಹೋಗಬಹುದು, ಮೊಮ್ಮಕ್ಕಳನ್ನು ಬಿಟ್ಟು ಓಡಿಹೋಗಲಿಕ್ಕೆ ಆಗುವುದಿಲ್ಲ ಎಂಬುದು ಅವರ ವಾದ.

ಈ ಜಾತಿಯ ಬೇರೆ ಕಾದಂಬರಿಗಳಲ್ಲೂ ಅದು ಹಾಗೆಯೇ. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್‌ನ 'ಲವ್ ಇನ್ ದ ಟೈಮ್ ಆಫ್ ಕಾಲರಾ' (1985) ಇವುಗಳಲ್ಲಿ ಹೆಸರುವಾಸಿ. ಅದರಲ್ಲಿ ಫ್ಲೊರೆಂಟಿನೊ ಅರಿಸಾ ತಾನು ಮೆಚ್ಚಿದವಳಿಗಾಗಿ ಕಾಯುವುದು 51 ವರ್ಷ, 9 ತಿಂಗಳು, 4 ದಿನ. ಗಂಡ ಸತ್ತ ಮೇಲೆ ಫರ್ಮಿನಾ ಡಾಸಾ ಅವನ ಗೆಳೆತನ ಒಪ್ಪಿಕೊಳ್ಳುವಾಗ, ಈ ಪ್ರಾಯದಲ್ಲಿ ಇದೆಂಥ ಅಸಹ್ಯ ಎನ್ನುವವಳು ಸ್ವಂತ ಮಗಳು. ಫರ್ಮಿನಾ ಆ ಮಗಳನ್ನು ಮನೆಯಿಂದ ಹೊರಗೆ ಕಳುಹಿಸುತ್ತಾಳೆ.

ಹೆಲೆನ್ ಸೈಮನ್ಸನ್‌ರ 'ಮೇಜರ್ ಪೆಟಿಗ್ರೂಸ್ ಲಾಸ್ಟ್ ಸ್ಟ್ಯಾಂಡ್' (2010) ಇಂಗ್ಲೆಂಡಿನ ಹಳ್ಳಿಯ ಕತೆ. 68ರ ನಿವೃತ್ತ ಮೇಜರಿಗೂ ಊರಿನಲ್ಲಿ ಅಂಗಡಿ ಇಟ್ಟಿರುವ ಪಾಕಿಸ್ತಾನಿ ಮೂಲದ 58ರ ಶ್ರೀಮತಿ ಅಲಿಗೂ ನಂಟು ಬೆಳೆಯುವುದು ಪೇಪರಿನ ಹಣ ವಸೂಲಿಗೆ ಬಾಗಿಲಿಗೆ ಬಂದಲ್ಲಿಂದ. ತಮ್ಮನ ಸಾವಿನ ಸುದ್ದಿ ಕೇಳಿ ಕುಸಿದಿದ್ದ ಮೇಜರಿಗೆ ಅವಳು ಚಹಾ ಮಾಡಿಕೊಡುತ್ತಾಳೆ. ಅಲ್ಲಿಯೂ ಊರಿನ ಮಾತು, ಮಗನ ಲೆಕ್ಕಾಚಾರ.

ಕಾಸರಗೋಡಿನವರಿಗೆ ಇಂಥ ಕತೆಗಳು ತೀರ ಹೊಸತೇನೂ ಅಲ್ಲ. ಮಲಯಾಳಂ ಸಿನಿಮಾ ನೋಡುವವರಿಗೆ ಬ್ಲೆಸ್ಸಿಯ 'ಪ್ರಣಯಂ' (2011) ನೆನಪಿರುತ್ತದೆ. ಅದೇ ವರ್ಷದ 'ಸಾಲ್ಟ್ ಎನ್ ಪೆಪ್ಪರ್'ನಲ್ಲಿ ಪ್ರಾಯ ಮೀರಿದ ಇಬ್ಬರನ್ನು ಹತ್ತಿರ ತಂದದ್ದೂ ಒಂದು ಫೋನು ಕರೆಯೇ. ಪ್ರಕಾಶ್ ರೈ ಅದನ್ನು 2014ರಲ್ಲಿ ಕನ್ನಡಕ್ಕೆ 'ಒಗ್ಗರಣೆ' ಎಂದು ತಂದರು. ಸಿನಿಮಾ ನೋಡುವಾಗ ಚಪ್ಪಾಳೆ ಹೊಡೆಯುವ ಜನವೇ ನೆರೆಮನೆಯಲ್ಲಿ ಅಂಥದ್ದು ಕಂಡರೆ "ಈ ಪ್ರಾಯದಲ್ಲಿ ಎಂಥ ಮಾರಾಯ್ರೇ ಇದು" ಎನ್ನುತ್ತಾರೆ ಎಂಬುದು ಟೀಚರ ಅನುಭವ.

ಮುಚ್ಚಿದ ಮನೆ, ಒಬ್ಬರ ಮನೆ

2011ರ ಜನಗಣತಿಯ ಪ್ರಕಾರ ಕೇರಳದಲ್ಲಿ 60 ದಾಟಿದವರು ನೂರಕ್ಕೆ 12.6. ದೇಶದಲ್ಲೇ ಹೆಚ್ಚು. ದೇಶದ ಸರಾಸರಿ 8.6. ಕುಂಬಳೆಯಿಂದ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಹೋದರೆ ಅಂಕಿಸಂಖ್ಯೆ ಬೇಕಾಗುವುದಿಲ್ಲ. ಅಡಿಕೆ ತೋಟದ ನಡುವೆ ದೊಡ್ಡ ಹಂಚಿನ ಮನೆ, ಒಳಗೆ ಒಬ್ಬರು, ಇಲ್ಲವೇ ಇಬ್ಬರು. ಕೆಲಸಕ್ಕೆ ಬರುವವರು ಸಂಜೆ ಐದಕ್ಕೆ ಹೋಗುತ್ತಾರೆ. ಆಮೇಲೆ ಟಿವಿಯೇ ಮಾತಾಡಬೇಕು.

ಏನೂ ವ್ಯವಸ್ಥೆ ಇಲ್ಲ ಎನ್ನುವ ಹಾಗಿಲ್ಲ. ಕೇರಳದ ಪಂಚಾಯತುಗಳಲ್ಲಿ ಹಿರಿಯರಿಗಾಗಿ 'ಪಗಲ್‌ವೀಡು'ಗಳಿವೆ. ಗ್ರಂಥಾಲಯದವರು ಹೆಂಗಸರಿಗೂ ಪ್ರಾಯದವರಿಗೂ ಮನೆಬಾಗಿಲಿಗೆ ಪುಸ್ತಕ ತಲುಪಿಸುವ ಯೋಜನೆಯೂ ಇದೆ. ಆದರೆ ಪಗಲ್‌ವೀಡು ಎಂದರೆ ಹೆಸರೇ ಹೇಳುವಂತೆ ಹಗಲಿನ ಮನೆ. ಆ್ಯಡಿ ಹೇಳಿದ್ದು ರಾತ್ರಿಯ ವಿಷಯ.

ಗಡಿನಾಡಿನಲ್ಲಿ ಅದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಮಾಷ್ಟ್ರ ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲಿಕ್ಕೆ ಬರುವುದಿಲ್ಲ. ಪೇಟೆಗೆ ಹೋದರೆ, ಕಚೇರಿಗೆ ಹೋದರೆ ಮಲಯಾಳ. ಮೂವತ್ತು ವರ್ಷ ಹಳಗನ್ನಡ ಕಲಿಸಿದವರಿಗೆ ಒಂದು ಪದ್ಯದ ಅನ್ವಯದ ಬಗ್ಗೆ ಚರ್ಚೆ ಮಾಡಬೇಕಾದರೆ ಈಗ ಇಡೀ ಊರಿನಲ್ಲಿ ಜನ ಇಲ್ಲ. "ಮಾತಾಡ್ಲಿಕ್ಕೆ ಜನ ಸಿಗ್ತಾರೆ. ನಮ್ಮ ಮಾತು ಆಡ್ಲಿಕ್ಕೆ ಸಿಗುವುದಿಲ್ಲ. ಟೀಚರ್ ಇಂಗ್ಲಿಷ್ ಶಬ್ದಕ್ಕೆ ಕನ್ನಡ ಯಾವುದು ಹಾಕುವ ಅಂತ ಕೇಳ್ತಾರೆ. ಒಂದು ಶಬ್ದಕ್ಕೆ ಅರ್ಧ ಗಂಟೆ ಹೋದದ್ದುಂಟು" ಎನ್ನುವಾಗ ಪಂಡಿತರ ದನಿ ಚುರುಕಾಗುತ್ತದೆ.

ಕಾನೂನು ಬೇಡ ಎನ್ನುವುದಿಲ್ಲ

ಮದುವೆಗೆ ಕಾನೂನಿನಲ್ಲಿ ಕಡಿಮೆ ಪ್ರಾಯದ ಮಿತಿ ಇದೆ, ಹೆಚ್ಚಿನದಕ್ಕೆ ಮಿತಿ ಇಲ್ಲ. 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಆಗುವುದಾದರೆ ಕಚೇರಿಯ ಬೋರ್ಡಿನಲ್ಲಿ ನೋಟೀಸು ಹಾಕಿ 30 ದಿನ ಕಾಯಬೇಕು. ಇಪ್ಪತ್ತೈದರ ಪ್ರಾಯದವರಿಗೆ ಆ 30 ದಿನ ಹೆದರಿಕೆ, ಎಪ್ಪತ್ತರವರಿಗೆ ನಾಚಿಕೆ. ಗಂಡನ ಲೆಕ್ಕದಲ್ಲಿ ಕುಟುಂಬ ಪಿಂಚಣಿ ಪಡೆಯುವ ಹೆಂಗಸು ಮತ್ತೆ ಮದುವೆಯಾದರೆ ಸಾಮಾನ್ಯವಾಗಿ ಅದು ನಿಲ್ಲುತ್ತದೆ. ಸ್ವಂತ ದುಡಿಮೆಯ ಪಿಂಚಣಿಗೆ ಆ ತೊಂದರೆ ಇಲ್ಲ. ಪ್ರಾಯಕ್ಕೆ ಬಂದ ಇಬ್ಬರು ಮದುವೆಯಾಗದೆ ಒಟ್ಟಿಗೆ ಇರುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿದೆ.

2019ರ ಡಿಸೆಂಬರಿನಲ್ಲಿ ತ್ರಿಶೂರಿನ ಸರಕಾರಿ ವೃದ್ಧಸದನದಲ್ಲಿ ಅಲ್ಲಿಯದೇ ಇಬ್ಬರು ವಾಸಿಗಳ ಮದುವೆ ನಡೆಯಿತು. ಇಬ್ಬರೂ ಅರವತ್ತೈದರ ಆಸುಪಾಸಿನವರು, ದಶಕಗಳ ಪರಿಚಯದವರು. ಸದನದವರೇ ಮುಂದೆ ನಿಂತು ಮಾಡಿಸಿದರು, ಮಂತ್ರಿಗಳೇ ಬಂದರು, ಪತ್ರಿಕೆಗಳಲ್ಲೆಲ್ಲ ಫೋಟೊ ಬಂತು. ಅದನ್ನು ಓದಿದ್ದು ಟೀಚರಿಗೆ ನೆನಪಿದೆ. ವೃದ್ಧಸದನ ಸೇರಿದವರ ಮದುವೆಗೆ ಊರು ಸಂತೋಷಪಡುತ್ತದೆ, ಮನೆಯಲ್ಲಿ ಇರುವವರದಾದರೆ ಮೊದಲು ಮಕ್ಕಳ ಮುಖ ನೋಡುತ್ತದೆ ಎನ್ನುವುದು ಅವರ ಅಭಿಪ್ರಾಯ.

ಇವರಿಬ್ಬರಲ್ಲಿ ಮದುವೆಯ ಮಾತು ಬಂದಿದೆಯೇ? ಟೀಚರ್ ನಗುತ್ತಾರೆ. "ಅವರಿಗೆ ನನ್ನ ಕೈಯ ಅಡುಗೆ ಹಿಡಿಸುವುದಿಲ್ಲ, ಖಾರ ಹೆಚ್ಚು. ನನಗೆ ಅವರ ಎಲೆಯಡಿಕೆ ಆಗುವುದಿಲ್ಲ. ರಾತ್ರಿ ಒಂದು ಗಂಟೆ ಸಾಕು." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳುತ್ತಾರೆ. "ಆ ಒಂದು ಗಂಟೆ ಇಲ್ಲದಿದ್ದರೆ ಆಗುವುದಿಲ್ಲ ಅಂತ ಮಾತ್ರ ಈಗ ಗೊತ್ತಾಗಿದೆ."

ಹತ್ತು ದಿನದ ಮೌನ

ಪುಸ್ತಕ ಮುಗಿದು ತಿಂಗಳುಗಳಾದವು. ಮಾಷ್ಟ್ರ ಇನ್ನೊಂದು ಕಣ್ಣೂ ಸರಿಯಾಯಿತು, ಈಗ ಅವರೇ ಓದಬಲ್ಲರು. ಫೋನು ನಿಲ್ಲಲಿಲ್ಲ. ಈಗ ಓದುವ ಸರದಿ ಅವರದು, ಟೀಚರ್ ಕೇಳುವವರು.

ದೀಪಾವಳಿಗೆ ಮಗ ಸೊಸೆ ಬಂದಿದ್ದರು. ಹತ್ತು ದಿನ ಎಂಟೂವರೆಗೆ ಫೋನು ಬರಲಿಲ್ಲ. ಮಾಷ್ಟ್ರೇ ಹಾಗೆ ಮಾಡಿದ್ದು, ಯಾರೂ ಹೇಳಿದ್ದಲ್ಲ. "ಅಮ್ಮ, ಈ ಮನೆ ಮುಚ್ಚಿ ನಮ್ಮೊಟ್ಟಿಗೆ ಬಂದುಬಿಡಿ. ಇಲ್ಲಿ ಒಬ್ಬರೇ ಬಿದ್ದರೆ ಎಬ್ಬಿಸುವವರು ಯಾರು?" ಎಂದು ಮಗ ಈ ಸಲವೂ ಕೇಳಿದ. ಪ್ರೀತಿಯಿಂದಲೇ ಕೇಳಿದ್ದು. ಕಾದಂಬರಿಯ ಜೀನ್‌ನಂಥವನಲ್ಲ ನನ್ನ ಮಗ ಎನ್ನುತ್ತಾರೆ ಟೀಚರ್. ಆದರೂ ಉತ್ತರ ಕೊಡಲಿಕ್ಕೆ ಅವರಿಗೆ ಆಗಲಿಲ್ಲ. ಕಾರಣ ಹೇಳಬೇಕಾದರೆ ಮಾಷ್ಟ್ರ ಹೆಸರು ಹೇಳಬೇಕು.

ಹೊರಡುವ ದಿನ ಸೊಸೆ ಕಪಾಟಿನಲ್ಲಿ ತನ್ನ ಪುಸ್ತಕ ಕಂಡಳು. ಬಿಡಿಸಿ ನೋಡಿದರೆ ಪುಟದಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಕನ್ನಡ ಶಬ್ದಗಳು. ಕೆಲವಕ್ಕೆ ಎರಡೆರಡು, ಒಂದನ್ನು ಹೊಡೆದು ಹಾಕಿ ಇನ್ನೊಂದು. "ಇಷ್ಟೆಲ್ಲ ಯಾರಿಗೆ ಅತ್ತೆ?" ಎಂದು ಕೇಳಿದಳು.

ಟೀಚರ್ ಹೇಳಿದರು. ಮೊದಲ ಸಲ, ಪೂರ್ತಿಯಾಗಿ. ಸೊಸೆ ಮಧ್ಯದಲ್ಲಿ ಏನೂ ಅನ್ನಲಿಲ್ಲ. ಪುಸ್ತಕವನ್ನು ಬ್ಯಾಗಿಗೆ ಹಾಕದೆ ಕಪಾಟಿನಲ್ಲೇ ಇಟ್ಟಳು. ಗಂಡನಿಗೆ ತಾನು ಹೇಳುತ್ತೇನೆ ಎಂದಳು. ಹೇಳಿದಳೋ ಇಲ್ಲವೋ ಟೀಚರಿಗೆ ಇನ್ನೂ ಗೊತ್ತಿಲ್ಲ. ಮಗನ ಫೋನು ವಾರಕ್ಕೊಮ್ಮೆ ಬರುತ್ತದೆ, ಮನೆ ಮುಚ್ಚುವ ವಿಷಯ ಸದ್ಯಕ್ಕೆ ಎತ್ತಿಲ್ಲ.

ಕಾರು ಗೇಟು ದಾಟಿದ ಸಂಜೆ ಟೀಚರ್ ಬೇಗ ಊಟ ಮುಗಿಸಿದರು. ಅಗಳಿ ಹಾಕಿದರು. ಎಂಟೂವರೆಗೆ ಫೋನು ಬಂತು.

"ಹೋದರಾ ಟೀಚರ್?"

"ಹೋದರು ಮಾಷ್ಟ್ರೇ. ಎಲ್ಲಿಗೆ ನಿಲ್ಲಿಸಿದ್ದು ನಾವು?"